ಅತ್ತೆಯ ಅಂಬಿಗ

ಬದುಕಿದ್ದವರು ಕೆಮ್ಮಿದರೆ ತಿರುಗಿಯೂ ನೋಡದ, ಹುಟ್ಟದೇ ಇದ್ದವರು ಸತ್ತರೆ ಮೂರು ದಿನ ಉಣ್ಣದ ಹೆಂಗಸನ್ನು ನೀವು ಕಂಡಿದ್ದೀರಾ? ಕಾಣಬೇಕೆಂದರೆ ಶಹಾಬಾದಿಗೆ ಬನ್ನಿ. ಅಲ್ಲಿದ್ದಾರೆ ನನ್ನ ಸೋದರತ್ತೆ, ಅಪ್ಪನ ತಂಗಿ. ಮೂವತ್ತು ವರ್ಷ ನರ್ಸಾಗಿದ್ದವರು. ಸೂಜಿ ಕಂಡು ಫೌಜುದಾರರೇ ಅತ್ತರೂ ಇವರ ಹುಬ್ಬು ಅಲುಗುತ್ತಿರಲಿಲ್ಲ!

ನಿವೃತ್ತಿಯಾದ ಮೇಲೆ ಇಂಗ್ಲಿಷಿನ ಮಾಟಮಂತ್ರದ ಕಾದಂಬರಿಗಳ ಚಟ ಹತ್ತಿತು. ಮಕ್ಕಳವಲ್ಲ, ದೊಡ್ಡವರೇ ಓದುವಂಥವು; ಭಂಕೂರದ ಪರಸಿಕಲ್ಲಿಗಿಂತ ಎರಡು ಬೆರಳು ಹೆಚ್ಚು ದಪ್ಪ. ಅಂಥ ಒಂದು ಮಾಲಿಕೆಯ ಮೊದಲ ಭಾಗದಲ್ಲಿ ಒಬ್ಬ ಅಂಬಿಗನಿದ್ದ. ನಾಯಕನೂ ಅಲ್ಲ, ಖಳನೂ ಅಲ್ಲ. ಕುಂಟುಗಾಲಿನ, ಬಾಯಿ ತುಂಬ ಬೈಗುಳದ ನಡುವಯಸ್ಸಿನವ. ಶಾಪದ ಮಂಜು ಕವಿದ ನದಿಯಲ್ಲಿ ಊರಿಗೆ ಊರನ್ನೇ ದಾಟಿಸಿದ. ಆಚೆ ಉಳಿದ ಒಬ್ಬ ಮುದುಕಿಯನ್ನು ಕರೆತರಲು ಒಬ್ಬನೇ ಹೊರಟ. ಮಂಜು ಮುಚ್ಚಿಕೊಂಡಿತು. ಪುಸ್ತಕವೂ ಮುಗಿಯಿತು!

ಅತ್ತೆ ಗೋಳೋ ಎಂದು ಅತ್ತರು. ಅಡುಗೆ ಮಾಡಲಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ಬುತ್ತಿ ತರುತ್ತಾರೆ. ಪಕ್ಕದ ಮನೆಯ ಚಾಚಿಗೆ ಅಳು ಕೇಳಿತು, ಕುಕ್ಕರಿನ ಸೀಟಿ ಕೇಳಲಿಲ್ಲ. ಇನ್ನೇನು ಬೇಕು? ರೊಟ್ಟಿ, ಪುಂಡಿಪಲ್ಯ ಹಿಡಿದು ಬಂದೇಬಿಟ್ಟರು.

"ಎರಡ ತುತ್ತರ ಉಣ್ರಿ ಅಕ್ಕಾ. ಹೋದವರ ಜೋಡಿ ನಾವೂ ಹೋಗ್ಲಿಕ್ಕಿ ಬರ್ತದೇನ್ರಿ?"

"ಹೋದನೋ ಇಲ್ಲೋ, ಅದೂ ಗೊತ್ತಿಲ್ರಿ!" ಎಂದು ಅತ್ತೆ ಇನ್ನಷ್ಟು ಅತ್ತರು.

ಸಂಜೆಯೊಳಗೆ ಸುದ್ದಿ ಚಿಂಚೋಳಿ ಮುಟ್ಟಿತು. ಸೇಡಂನ ದೊಡ್ಡಪ್ಪ ಹೂವಿನ ಹಾರ ಹಿಡಿದೇ ಜೀಪಿನಿಂದ ಇಳಿದರು. ನಾನು ವಾಡಿಯಿಂದ ಓಡಿಬಂದು, "ಸತ್ತಾಂವ ಪುಸ್ತಕದಾಗಿನ ಮನಶ್ಯಾರಿ" ಎಂದೆ. ದೊಡ್ಡಪ್ಪ ಹಾರ ನೋಡಿದರು, ನನ್ನನ್ನು ನೋಡಿದರು.

"ಮತ್ತ ಈ ಹಾರ ಯಾರಿಗಿ ಹಾಕ್ಲಿ, ನಿನಗೇನು?"

ಎರಡನೇ ಭಾಗಕ್ಕೆ ಅತ್ತೆ ಎರಡು ವರ್ಷ ಕಾದರು. ಸುಮ್ಮನೆ ಕಾಯಲಿಲ್ಲ, ನನ್ನ ಜೀವ ತಿಂದು ಕಾದರು! ದಿನಾ ಫೋನು. ಉಳಿದ ಓದುಗರಿಗೆ ಅವನು ಬದುಕಿದನೋ ಸತ್ತನೋ ಎಂಬ ಚಿಂತೆಯಾದರೆ ಇವರದು ಬೇರೆಯೇ ರಾಗ.

"ಬದುಕ್ತಾನಂತ ನನಗ ಆಶಾ ಇಲ್ಲ ತಮ್ಮಾ. ಅಂಥಾವ್ರು ಬದುಕಂಗಿಲ್ಲ. ಆದ್ರ ಜೀವ ಹೋಗಾಗ ಬಾಜೂಕ ಯಾರರ ಇದ್ರೋ ಇಲ್ಲೋ, ಅಷ್ಟ ಗೊತ್ತಾಗ್ಬೇಕು."

ಇಂಥ ಗತಿಗೆಟ್ಟ ಆಸೆ ಇಟ್ಟುಕೊಂಡು ಯಾರಾದರೂ ಕತೆ ಓದುತ್ತಾರೆಯೇ? ಇವರನ್ನು ಸುಧಾರಿಸುವ ಆಸೆಯನ್ನು ನಾನೂ ಬಿಟ್ಟೆ.

ಅಂತೂ ಪುಸ್ತಕ ಬಂತು. ತಂದುಕೊಟ್ಟೆ. ಅತ್ತೆ ಒಂದು ಪುಟ ಓದುತ್ತಾರೆ, ಮುಚ್ಚುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಮಂಜಿನ ನದಿ ಬಂದದ್ದೇ ಪುಸ್ತಕ ನನ್ನ ಕೈಗೆ ತುರುಕಿದರು.

"ನನಗ ಧೈರ್ಯ ಇಲ್ಲ. ನೀನ ನೋಡಿ ಹೇಳು."

ಹಾಳೆ ಮಗುಚಿದೆ. ಅಂಬಿಗ ಸತ್ತೇಹೋಗಿದ್ದ. ಮತ್ತೆ ಮೂರು ದಿನದ ಉಪವಾಸ ಎಂದುಕೊಂಡೆ.

"ಸತ್ತಾನ್ರಿ ಅತ್ತಿ."

"ಬಾಜೂಕ?"

"ಆ ಮುದುಕಿ ಇದ್ದಳ್ರಿ. ಅವನ ತಲಿ ತೊಡಿ ಮ್ಯಾಲ ಇಟ್ಕೊಂಡು ಹೊತ್ತು ಮೂಡೂತನಕಾ ಕುಂತಾಳ."

ಅತ್ತೆ ಪುಸ್ತಕ ಕಸಿದುಕೊಂಡರು. ಆ ಪುಟ ಓದಿದರು, ಮತ್ತೆ ಓದಿದರು. ಮುಖ ಅರಳಿತು.

"ಏನ್ ಛಂದ ಬರದಾನೋ! ಮೊದಲಿಂದಕಿಂತ ಇದು ಭಾಳ ಛಲೋ ಅದ!"

ಸಾವು ಓದಿ ಹಿಗ್ಗುವುದೇ! ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ.

"ಕರೋನಾದಾಗ ನಿಮ್ಮ ಮಾಮಾ ಮ್ಯಾಲಿನ ವಾರ್ಡಿನಾಗ ಇದ್ರು. ನನ್ನ ಡ್ಯೂಟಿ ಕೆಳಗ. ಮ್ಯಾಲ ಹೋಗ್ಲಿಕ್ಕಿ ಬಿಡಲಿಲ್ಲ. ಮಂದಿ ಜೀವ ಹೋಗಾಗೆಲ್ಲ ನಾ ಬಾಜೂಕ ಕುಂತೀನಿ, ತಮ್ಮಾ. ಇವರು ಹೋಗಾಗ ಬಾಜೂಕ ಯಾರ ಇದ್ರು ಅಂತ ಕೇಳ್ಲಿಕ್ಕಿ ಇನ್ನೂತನಕಾ ನನಗ ಧೈರ್ಯ ಆಗಿಲ್ಲ."

ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಅದನ್ನು ನಾನೂ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅತ್ತೆ ಕನ್ನಡಕ ಒರೆಸಿಕೊಂಡು ಮುಂದಿನ ಪುಟ ತೆರೆದರು. ವಾಡಿಯ ಗಾಡಿಗೆ ಹೊತ್ತಾಗಿತ್ತು. ನಾನು ಹೋಗಲಿಲ್ಲ, ಪುಸ್ತಕ ಮುಗಿಯುವವರೆಗೂ ಅತ್ತೆಯ ಪಕ್ಕದಲ್ಲೇ ಕುಳಿತಿದ್ದೆ.