ಗಾಳ ನನ್ನದು, ಚಪ್ಪಾಳೆ ಇವರಿಗೆ

ದುಬೈಯಲ್ಲಿ ನನಗೆ ಪಿತ್ತ ನೆತ್ತಿಗೇರುವುದು ಎರಡೇ ವಿಷಯಕ್ಕೆ. ಒಂದು ಪಾರ್ಕಿಂಗ್, ಇನ್ನೊಂದು ಮೀನು. ಪಾರ್ಕಿಂಗ್ ಅಪರೂಪಕ್ಕಾದರೂ ಸಿಗುತ್ತದೆ. ಮೀನು ಕೂಡ ಸಿಗುತ್ತದೆ ಮಾರಾಯ್ರೆ, ಆದರೆ ಅದನ್ನು ಹಿಡಿದವಳು ನಾನು ಅಂತ ಒಪ್ಪುವ ಮನುಷ್ಯ ಮಾತ್ರ ಸಿಗುವುದಿಲ್ಲ. ವಾರ ವಾರ ಇದೇ ಕಥೆ.

ನಾನು ಮಲ್ಪೆ ಕಡೆಯವಳು. ಜೆಬೆಲ್ ಅಲಿಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸ. ಇವರು, ಅಂದರೆ ನನ್ನ ಗಂಡ, ಮೈಸೂರಿನವರು. ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ. ರಜೆಯ ಬೆಳಿಗ್ಗೆ ಸಮುದ್ರದ ಕಟ್ಟೆಗೆ ಹೋಗಿ ನಾನು ಗಾಳ ಹಾಕುತ್ತೇನೆ, ಇವರು ನನ್ನ ತಲೆ ಮೇಲೆ ಕೊಡೆ ಹಿಡಿಯುತ್ತಾರೆ. ವ್ಯವಸ್ಥೆ ಇಷ್ಟೇ. ಇದು ಅರ್ಥವಾಗಲು ಡಿಗ್ರಿ ಬೇಕಾ?

ಅಂಗಡಿಯವನು

ಸ್ಪಿನ್ನರ್‌ಬೇಟ್ ಅಂತ ಒಂದು ಗಾಳ ಇದೆ. ಬಗ್ಗಿಸಿದ ತಂತಿ, ಅದರ ಒಂದು ತುದಿಗೆ ಗಿರಗಿರ ತಿರುಗುವ ಹೊಳೆಯುವ ತಗಡು, ಇನ್ನೊಂದು ತುದಿಗೆ ಕೊಕ್ಕೆ. ಕೊಕ್ಕೆ ಕಾಣದ ಹಾಗೆ ರಬ್ಬರ್ ಎಳೆಗಳದ್ದೊಂದು ಬಣ್ಣದ ಲಂಗ. ಅಮೆರಿಕದ ಸಿಹಿನೀರಿನ ಕೆರೆಗಳಲ್ಲಿ ಬ್ಯಾಸ್ ಎಂಬ ಮೀನು ಹಿಡಿಯಲು ಮಾಡಿದ್ದು. ಇಲ್ಲಿನ ಉಪ್ಪುನೀರಿಗೆ ಎಸೆದರೆ ತಂತಿಗೆ ತುಕ್ಕು, ಹಲ್ಲಿನ ಮೀನು ಬಂದರೆ ಲಂಗ ಚಿಂದಿ. ಗಟ್ಟಿಯಾದದ್ದು ಹುಡುಕಿಕೊಂಡು ದೇರಾದ ಒಂದು ಅಂಗಡಿಗೆ ಹೋದೆವು.

"ಸ್ಟೀಲ್ ತಂತಿಯದ್ದು ಉಂಟಾ? ತಗಡು ಉದ್ದದ್ದು ಬೇಕು, ದುಂಡಗಿನದು ಬೇಡ" ಅಂತ ಕೇಳಿದವಳು ನಾನು. ಅಂಗಡಿಯವನು ಇವರ ಕಡೆ ತಿರುಗಿ, "ಸರ್, ನಿಮ್ಮ ಕೈಗೆ ಇದು ಬೆಸ್ಟ್" ಅಂದ.

"ನಂಗೇನೂ ಗೊತ್ತಿಲ್ಲಪ್ಪ, ಅವಳನ್ನ ಕೇಳು" ಅಂದರು ಇವರು.

ಅವನು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ಸರ್‌ಗೆ ಯಾವ ಬಣ್ಣ ಒಪ್ಪುತ್ತೆ?"

ಪಾಠ

ಅಂಗಡಿಯ ಸಹವಾಸವೇ ಬೇಡ ಅಂತ ನಾನೇ ಮಾಡಲು ಕೂತೆ. ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ಕೇಳಿ ಒಂದು ತುಂಡು ಸ್ಟೀಲ್ ತಂತಿ ತಂದೆ. ಮನೆಯ ಚಮಚದ ಹಿಡಿ ಕತ್ತರಿಸಿ ತಗಡು ಮಾಡಿದೆ. ಓವನ್ನಿಗೆ ಇಟ್ಟಿದ್ದ ಸಿಲಿಕೋನ್ ಕೈಗವಸನ್ನು ಎಳೆ ಎಳೆಯಾಗಿ ಕತ್ತರಿಸಿ ಲಂಗ ಕಟ್ಟಿದೆ. ಎಂಥ ಗಟ್ಟಿ ಲಂಗ ಅಂತೀರಿ!

ಅದನ್ನು ಮೀನು ಹಿಡಿಯುವ ರಾಡಿಗೆ ಕಟ್ಟಿ, ಊಟದ ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ನೋಡುತ್ತಿದ್ದಾಗ ಬೆಂಗಳೂರಿನ ಒಬ್ಬ ಇಂಜಿನಿಯರ್ ಬಂದ. "ಅಕ್ಕ, ಇದನ್ನ ಸುಮ್ನೆ ಎಸೆದು ಎಳೆಯೋದಲ್ಲ. ಎಲ್ಲಾ ಮಣಿಕಟ್ಟಲ್ಲಿದೆ. ನಾನು ವಿಡಿಯೊ ನೋಡಿದೀನಿ."

"ಮಾಡಿದವಳೇ ನಾನು ಮಾರಾಯ!"

"ಇರ್ಲಿ ಅಕ್ಕ, ಕಲಿಯೋಕೆ ನಾಚಿಕೆ ಪಡಬಾರದು" ಅಂದವನೇ ರಾಡ್ ಕಿತ್ತುಕೊಂಡು ಬೀಸಿದ. ಗಾಳ ಪಾರ್ಕಿಂಗ್ ದಾಟಿ ಹೋಗಿ, ಕಂಪನಿ ಬಸ್ಸಿನ ಬಾಗಿಲಲ್ಲಿ ಚಾ ಕುಡಿಯುತ್ತಿದ್ದ ಡ್ರೈವರನ ಟೋಪಿಗೆ ಸಿಕ್ಕಿಕೊಂಡಿತು. ಇವನು ಗಾಬರಿಯಲ್ಲಿ ಎಳೆದ. ಟೋಪಿ ಡಾಂಬರಿನ ಮೇಲೆ ಕುಣಿಯುತ್ತಾ ನಮ್ಮ ಕಡೆ ಬಂತು, ಅದರ ಹಿಂದೆ ಕೂಗುತ್ತಾ ಡ್ರೈವರ್ ಕೂಡ ಬಂದ.

ಇಂಜಿನಿಯರ್ ರಾಡನ್ನು ನನ್ನ ಕೈಗೆ ತುರುಕಿ, "ಅಕ್ಕ, ನಿಮ್ಮ ಗಾಳದಲ್ಲೇ ಏನೋ ಡಿಫೆಕ್ಟ್ ಇದೆ" ಅಂದ.

ಡಿಫೆಕ್ಟ್ ಅಂತೆ! ಎಸೆದ ಒಂದೇ ಏಟಿಗೆ ಹಿಡಿದಿದೆ, ಇನ್ನೆಂಥ ಕ್ವಾಲಿಟಿ ಬೇಕು ಇವನಿಗೆ?

ಗುರುಗಳು

ಇವರೆಲ್ಲ ಹೊರಗಿನವರು, ಬಿಡಿ. ಹೊಟ್ಟೆ ಉರಿಸಿದ್ದು ನಮ್ಮ ಮನೆಯವರೇ.

ಒಂದು ಬೆಳಿಗ್ಗೆ ಅದೇ ಗಾಳಕ್ಕೆ ಒಳ್ಳೆ ಮೀನು ಬಿತ್ತು. ನಾನು ಬೆವರು ಸುರಿಸಿ ಎಳೆಯುತ್ತಿದ್ದೇನೆ. ವಾಕಿಂಗ್ ಬಂದ ನಮ್ಮೂರ ಕಡೆಯ ಹಿರಿಯರೊಬ್ಬರು ನಿಂತು, ಕೊಡೆ ಹಿಡಿದವರನ್ನು ಕೇಳಿದರು: "ಏನು ಸಾರ್, ಸಿಕ್ತಾ?"

"ಹ್ಞೂಂ, ಒಂದು ಸಿಕ್ತು ಸಾರ್" ಅಂದರು ನನ್ನ ಗಂಡ. ನಗುತ್ತಾ!

ಹಿರಿಯರು ಮೆಚ್ಚಿ ತಲೆದೂಗಿದರು. ಆಮೇಲೆ, ಕೈಯಲ್ಲಿ ಒದ್ದಾಡುವ ಮೀನು ಹಿಡಿದು ನಿಂತಿದ್ದ ನನಗೆ ಹೇಳಿದರು: "ನೀನೂ ಸ್ವಲ್ಪ ಕಲಿತುಕೋ ಅಮ್ಮ. ಮನೆಯಲ್ಲೇ ಗುರುಗಳಿದ್ದಾರೆ."

ಕಾರಿನಲ್ಲಿ ಜಗಳ ತೆಗೆದೆ. "ಪಾಪ, ಅಷ್ಟು ಪ್ರೀತಿಯಿಂದ ಕೇಳಿದ್ರು, ಯಾಕೆ ಬೇಜಾರು ಮಾಡೋದು ಅಂತ" ಅಂದರು ಇವರು. ಬೇಜಾರು ಮಾಡಬಾರದವರಲ್ಲಿ ಊರವರೆಲ್ಲ ಇದ್ದರು, ನಾನೊಬ್ಬಳು ಇರಲಿಲ್ಲ. ಆ ವಾರ ಇವರ ಉಪ್ಪಿಟ್ಟಿಗೆ ಉಪ್ಪೂ ಇರಲಿಲ್ಲ.

ಬಹುಮಾನ

ಕೊನೆಗೆ ಅಬುಧಾಬಿಯಲ್ಲಿ ನಮ್ಮ ಕನ್ನಡ ಬಳಗದವರು ಗಾಳದ ಸ್ಪರ್ಧೆ ಇಟ್ಟರು. ನಾನು ಹೆಸರು ಕೊಟ್ಟೆ, ಇವರಿಗೆ ಮೊದಲೇ ಹೇಳಿದೆ: "ಬಹುಮಾನ ಬೇಡ ನಂಗೆ. ನಾಲ್ಕು ಜನರ ಎದುರು ಇದು ನಾನು ಹಿಡಿದದ್ದು ಅಂತ ಆಗಬೇಕು. ಇವತ್ತೂ ಹಲ್ಲು ಕಿರಿದರೆ ಕೊಡೆ ಮಡಚಿ ಟ್ಯಾಕ್ಸಿಯಲ್ಲಿ ದುಬೈಗೆ ಹೋಗಿ."

ಚಮಚದ ಗಾಳಕ್ಕೆ ಬಿತ್ತು ನೋಡಿ, ಬರಾಕುಡಾ! ಕೈಯುದ್ದದ ಮೀನು, ಬಾಯಿ ತುಂಬ ಹಲ್ಲು. ಎಲ್ಲರದ್ದಕ್ಕಿಂತ ದೊಡ್ಡದು. ಫೋಟೊಕ್ಕೆ ಚೆಂದ ಅಂತ ಗಾಳ ಬಾಯಲ್ಲೇ ಇರಲಿ ಅಂದರು ಬಳಗದವರು. ಮೈಕ್ ಹಿಡಿದ ನಿರೂಪಕ ಘೋಷಿಸಿದ: "ಮೊದಲ ಬಹುಮಾನ, ನಮ್ಮ ಮೈಸೂರಿನ ಸಾರ್!"

ನಾಲ್ಕು ಜನ ಇವರನ್ನು ಎಳೆದುಕೊಂಡೇ ಹೋಗಿ ವೇದಿಕೆ ಹತ್ತಿಸಿ, ಕೈಗೆ ಮೀನು ಕೊಟ್ಟರು. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಸತ್ತಿದೆ ಅಂದುಕೊಂಡ ಮೀನು ಒಮ್ಮೆ ಬಾಲ ಬೀಸಿ ಇವರ ಕೆನ್ನೆಗೆ ಬಾರಿಸಿತು.

"ಅಯ್ಯೋ! ನಂದಲ್ಲ! ಇದು ನಂದಲ್ಲ! ಹಿಡಿದಿದ್ದು ನನ್ನ ಹೆಂಡ್ತಿ!" ಅಂತ ಮೈಕಿನಲ್ಲೇ ಕಿರುಚಿ ಮೀನನ್ನು ವೇದಿಕೆ ಮೇಲೇ ಎಸೆದರು.

ಅಬ್ಬ, ಅಂತೂ ಆಯಿತು ಅಂದುಕೊಂಡೆ. ನಿರೂಪಕ ಗದ್ಗದಿತನಾಗಿ ಹೇಳಿದ: "ನೋಡಿ, ಎಂಥ ದೊಡ್ಡ ಮನಸ್ಸು! ಗೆದ್ದ ಹೊತ್ತಲ್ಲೂ ಹೆಂಡತಿಗೆ ಕ್ರೆಡಿಟ್ ಕೊಡ್ತಾರೆ!" ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರಿಗೆ!

ನಾನು ವೇದಿಕೆ ಹತ್ತಿದೆ. ನನ್ನ ಚೀಲದಲ್ಲಿದ್ದ ಇಕ್ಕಳವನ್ನು ನಿರೂಪಕನಿಗೆ ಕೊಟ್ಟು, "ನಿಮ್ಮ ಸಾರ್ ಆ ಗಾಳ ಬಿಡಿಸಲಿ" ಅಂದೆ. ಅವನು ಇವರಿಗೆ ದಾಟಿಸಿದ. ಇವರು ಮೀನಿನ ಹಲ್ಲು ನೋಡಿ, ಇಕ್ಕಳ ನೋಡಿ, ನನ್ನ ಬೆನ್ನ ಹಿಂದೆ ಬಂದು ನಿಂತರು. ನಾನು ಇಕ್ಕಳ ಕಿತ್ತುಕೊಂಡು, ಮೀನಿನ ಕುತ್ತಿಗೆ ಒತ್ತಿ ಹಿಡಿದು, ಒಂದು ತಿರುವು ತಿರುವಿ ಗಾಳ ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

ನಿರೂಪಕ ಮೈಕನ್ನು ಮೆಲ್ಲಗೆ ಇವರ ಬಾಯಿಗೆ ಹಿಡಿದ. "ಹಾಗಾದ್ರೆ... ಸಾರ್, ನೀವು ಏನು ಮಾಡ್ತೀರಿ?"

ಇವರು ಕೆನ್ನೆ ಒರೆಸಿಕೊಂಡು ಹೇಳಿದರು: "ನಾನು ಕೊಡೆ ಹಿಡ್ಕೋತೀನಿ."