ಟೈಟಸ್‌ನ ಹರವಿ ಥೇಟರು

ಟೈಟಸ್‌ಗೆ ಬೇಕಾಗಿದ್ದುದು ಒಂದೇ ಒಂದು 'ಭೇಷ್'. ಅದೂ ಯಾರ್‍ಯಾರದೋ ಬಾಯಿಂದಲ್ಲ, ಹೆಂಡತಿ ಕರುಣಾಳ ಅಣ್ಣ ಬೆಂಜಮಿನ್ನರ ಬಾಯಿಂದ.

ಹುಬ್ಬಳ್ಳಿ ವಿದ್ಯಾನಗರದ ತಮ್ಮ ಮನೆಗೆ ಗೋಡೆಯಗಲದ ಟಿವಿ ಬಂದಾಗಿನಿಂದ ಬೆಂಜಮಿನ್ನರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೋದ ತಿಂಗಳು ಕ್ರಿಕೆಟ್ ಮ್ಯಾಚು ನೋಡಲು ಅಲ್ಲಿಗೆ ಹೋಗಿದ್ದ ಟೈಟಸ್‌ಗೆ, "ಅಷ್ಟ ಹತ್ತರ ಕೂಡಬ್ಯಾಡಪಾ, ನಿನ್ನ ಉಸರು ಬಡದು ಟಿವಿ ಮಬ್ಬಾಗತೈತಿ" ಅಂದುಬಿಟ್ಟರು. ಅವತ್ತೇ ಟೈಟಸ್ ಶಪಥ ಮಾಡಿದ. ಇನ್ನು ಮ್ಯಾಚು ನೋಡಿದರೆ ಧಾರವಾಡದ ತನ್ನ ಮನೆಯಲ್ಲೇ, ಬೆಂಜಮಿನ್ನರೂ ಅಲ್ಲಿಗೇ ಬಂದು ಭೇಷ್ ಅನ್ನಬೇಕು!

ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಪಂಪಿನ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವನಿಗೆ ಹಳೇ ಸಾಮಾನಿನಲ್ಲಿ ಜೀವ ಹುಡುಕುವುದು ಗೊತ್ತಿತ್ತು. ಯಾಕೂಬಸಾಬನ ಗುಜರಿ ಅಂಗಡಿಯಿಂದ ಯಾವುದೋ ಆಫೀಸಿನ ಹಳೇ ಪ್ರೊಜೆಕ್ಟರ್ ಬಂತು. ಸುಣ್ಣ ಬಳಿದ ಗೋಡೆಯೇ ಪರದೆಯಾಯಿತು. ಜೊತೆಗೆ ಬಂದ ಪುಟ್ಟ ಸ್ಪೀಕರಿನ ದನಿ ಮಾತ್ರ ಸೊಳ್ಳೆ ಗುಂಯ್‌ಗುಟ್ಟಿದಂತಿತ್ತು. ಅದನ್ನು ಖಾಲಿ ಮಾಡಿದ ಮಣ್ಣಿನ ಹರವಿಯೊಳಗೆ ಇಳಿಬಿಟ್ಟ. ನೀರಿಡುವ ಹರವಿ ಗುಡುಗತೊಡಗಿತು! ಇಷ್ಟೆಲ್ಲದಕ್ಕೂ ಆದ ಖರ್ಚು ಬೆಂಜಮಿನ್ನರು ಟಿವಿ ತೂಗುಹಾಕಿದ ಸ್ಟ್ಯಾಂಡಿನಷ್ಟೂ ಇಲ್ಲ. ಟೈಟಸ್ ಎರಡು ದಿನ ಅದನ್ನೇ ನೋಡಿ ನೋಡಿ ಮೀಸೆ ತಿರುವಿದ.

ರವಿವಾರ ಆರಾಧನೆ ಮುಗಿಸಿ ಬೆಂಜಮಿನ್ನರು ಊಟಕ್ಕೆ ಬಂದರು. ಎರಡು ಗಂಟೆಗೆ ಮ್ಯಾಚು; ನೋಡಲು ಅಕ್ಕಪಕ್ಕದವರೂ ಬಂದು ಕುಳಿತರು. ಮಧ್ಯಾಹ್ನದ ಬೆಳಕಿಗೆ ಗೋಡೆಯ ಮೇಲೆ ಏನೂ ಕಾಣಲೊಲ್ಲದು. ಪಕ್ಕದ ಮನೆಯ ಅಮೀನಾಬಿ ಓಡಿಹೋಗಿ ಹೊದೆಯುವ ನಾಲ್ಕು ದಪ್ಪ ಕೌದಿ ತಂದರು. ಕಿಟಕಿ, ಬಾಗಿಲಿಗೆಲ್ಲ ಅವನ್ನು ಕಟ್ಟಿದ್ದಾಯಿತು. ಕತ್ತಲಾಯಿತು, ಜೊತೆಗೆ ಬೆವರೂ ಹರಿಯಿತು.

"ಫ್ಯಾನ್ ಹಚ್ಚೋ ಟೈಟಸ್, ಬೆಂದ ಹೋಗ್ತೇವಿ!" ಅಂದರು ಎದುರು ಮನೆಯ ನಿವೃತ್ತ ಮಾಸ್ತರು ಉಳವಪ್ಪ.

"ಫ್ಯಾನ್ ಹಚ್ಚಿದರ ಕೌದಿ ಹಾರ್ತಾವ್ರಿ ಮಾಸ್ತರ. ಸ್ವಲ್ಪ ತಡಕೋರಿ."

ಚಿತ್ರ ಮೂಡಿತು. ಆಟಗಾರರು ಗೋಡೆಯ ತುಂಬ ಆಳೆತ್ತರ ನಿಂತರು. ಹರವಿ ಗುಡುಗಿತು. ಟೈಟಸ್ ಓರೆಗಣ್ಣಿನಲ್ಲಿ ನೋಡಿದ. ಬೆಂಜಮಿನ್ನರ ಹುಬ್ಬು ಮೇಲೇರಿತ್ತು, ಬಾಯಿ ತೆರೆದಿತ್ತು. ಇನ್ನೇನು ಆ ಮಾತು ಬಂತು ಅನ್ನುವಾಗ ಮೂಲೆಯಲ್ಲಿ ಗುಳುಗುಳು ಅಂದು ದನಿ ನಿಂತೇ ಹೋಯಿತು.

ಹರವಿಯ ಪಕ್ಕದಲ್ಲಿ ಅಮೀನಾಬಿ ಖಾಲಿ ಕೊಡ ಹಿಡಿದು ನಿಂತಿದ್ದರು. "ಇಷ್ಟ ಮಂದಿ ಕುಂತಾರ, ಹರವ್ಯಾಗ ಹನಿ ನೀರಿಲ್ಲ. ಅದಕ್ಕ ತುಂಬೀನಿ ನೋಡ್ರಿ."

"ಮೂಕ ಪಿಚ್ಚರ್ ಏನಪಾ ಇದು?" ಅಂದರು ಬೆಂಜಮಿನ್ನರು.

ಟೈಟಸ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮೂವತ್ತು ವರ್ಷ ಸಾಲಿಯಲ್ಲಿ ಕೂಗಿದ ಉಳವಪ್ಪ ಮಾಸ್ತರಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಧೋತರದ ಚುಂಗು ಹಿಡಿದು ಎದ್ದು ನಿಂತರು.

"ಓಡಿ ಬಂದಾ... ಒಗದಾ... ಹೊಡದಾ! ಹೋತ್ರೀಪಾ ಚೆಂಡು, ಇನ್ನ ಹೆಬ್ಬಳ್ಳಿ ಹೊಲದಾಗ ಹುಡುಕ್ರಿ! ಆ ಫೀಲ್ಡರ್‌ನ ನೋಡ್ರಿ, ಮದುವಿ ಮನ್ಯಾಗ ಚಪ್ಪಲಿ ಹುಡುಕೂವರಂಗ ನಿಂತಾನ!"

ನಗೆ ಹೊರಗಿನ ಓಣಿಗೂ ಕೇಳಿಸಿತು. ಕೌದಿ ಸರಿಸಿಕೊಂಡು ಒಬ್ಬೊಬ್ಬರೇ ಒಳಗೆ ಬಂದರು. ಬೆಂಜಮಿನ್ನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಟಸ್‌ನ ಎದೆ ಮತ್ತೆ ಉಬ್ಬಿತು. ಗೋಡೆ ಯಾರದು? ಯಂತ್ರ ಯಾರದು? ಓಣಿಗೆ ಓಣಿಯೇ ಬಂದು ಕುಳಿತ ಮನೆ ಯಾರದು?

ಮ್ಯಾಚು ಮುಗಿಯಿತು. ಬೆಂಜಮಿನ್ನರು ಕಣ್ಣೊರೆಸಿಕೊಂಡು ಎದ್ದರು. ಕೈ ಮುಂದೆ ಚಾಚಿ ನೇರ ಟೈಟಸ್‌ನ ಕಡೆಗೇ ಬಂದರು. ಟೈಟಸ್ ತನ್ನ ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಿದ್ಧನಾದ.

"ಭೇಷ್!" ಅಂದ ಬೆಂಜಮಿನ್ನರ ಕೈ ಅವನ ಭುಜದ ಪಕ್ಕದಿಂದ ಹಾದು, ಹಿಂದೆ ನಿಂತಿದ್ದ ಉಳವಪ್ಪನವರ ಕೈ ಹಿಡಿಯಿತು. "ಭೇಷ್ ಮಾಸ್ತರ! ಮುಂದಿನ ರವಿವಾರ ನಮ್ಮನಿಗೆ ಬರ್ರಿ. ನಾ ಟಿವಿ ದನಿ ಬಂದ್ ಮಾಡ್ತೇನಿ, ನೀವ ಹೇಳ್ರಿ. ಅಮೀನಾಬಿ, ನೀವೂ ಓಣಿ ಮಂದಿನ್ನೆಲ್ಲಾ ಕರಕೊಂಡ ಬರ್ರಿ!"

ಓಣಿಗೆ ಓಣಿಯೇ ಹೂಂ ಅಂದಿತು.

"ಟೈಟಸ್, ನೀನೂ ಬಾರಪಾ. ಇವರನ್ನೆಲ್ಲಾ ಬಸ್ಸಿಗೆ ಹತ್ತಿಸಿ ಇಳಿಸಾಕ ಒಬ್ಬಾಂವ ಬೇಕಲ್ಲ."

ಕರುಣಾ ಗಂಡನ ಮುಖ ನೋಡಿದಳು. "ಹೋಗೂಣೇನ್ರಿ?"

ಟೈಟಸ್ ಅಂಗಿಯ ಕಾಲರು ಸರಿಮಾಡಿಕೊಂಡ. "ಹೋಗಲಾರದ ಏನ? ಮಾಸ್ತರ ಮೊದಲ ಬಾಯಿ ಬಿಟ್ಟಿದ್ದ ನಮ್ಮ ಥೇಟರಿನ್ಯಾಗ!" ಅಂದವನೇ ಎದೆಯುಬ್ಬಿಸಿ, ಹುಬ್ಬಳ್ಳಿ ಬಸ್ಸಿಗೆ ಎಷ್ಟು ತಲೆಗಳಾಗುತ್ತವೆಂದು ಎಣಿಸತೊಡಗಿದ.