ಭೂಮಿಯ ಬಿಸಿ, ಷಡ್ಡಕರ ಮುನಿಸು

ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಯಾರಾದರೂ ಕೂತರೆ ಏಳಿ ಎನ್ನುವ ಧೈರ್ಯವೂ ನನಗಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತೆನೆಂದರೆ ಬಾಯಿಗೆ ಬಾರದ ಮಾತೆಲ್ಲ ಬೆರಳಿಗೆ ಬರುತ್ತದೆ. ಇದು ನನಗೆ ತಿಳಿದದ್ದು ಹೊಸದುರ್ಗದ ಸೈಬರ್ ಸೆಂಟರಿನಲ್ಲಿ, ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಎದ್ದು ನಿಂತ ವರ್ಷಗಳಲ್ಲಿ.

ಹಿರಿಯೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರುದ್ರಣ್ಣ ನನ್ನ ಹೆಂಡತಿಯ ಅಕ್ಕನ ಗಂಡ, ಎಂದರೆ ನನ್ನ ಷಡ್ಡಕ. ಆ ರೆಕ್ಕೆಗಳು ತಿರುಗಿ ಮೋಡ ಓಡಿಸುತ್ತಿವೆ, ಅದಕ್ಕೇ ಮಳೆಯಿಲ್ಲ ಎಂದು ಅವನ ಗುಮಾನಿ. ಅಲ್ಲ, ಭೂಮಿಯೇ ಬಿಸಿಯಾಗುತ್ತಿದೆ ಎಂದು ನಾನು. ಹೋಳಿಗೆ ತಿನ್ನುತ್ತ ವಾದಿಸಿ, ಕೈ ತೊಳೆಯುವಾಗ ಮರೆಯುತ್ತಿದ್ದೆವು.

ಆಮೇಲೆ ಜಿಲ್ಲೆಯವರದೇ ಒಂದು ಆನ್‌ಲೈನ್ ಗುಂಪು ಹುಟ್ಟಿತು. ಭೂಮಿ ಬಿಸಿಯಾಗುವುದರ ಬಗ್ಗೆ ನಾಲ್ಕು ಸಾಲು ಬರೆದೆ. ಎಲ್ಲಿಯವನೋ ಒಬ್ಬ ನನ್ನನ್ನು ಗಾಳಿಯಂತ್ರದವರ ಏಜೆಂಟ್ ಎಂದ. ಇನ್ನೊಬ್ಬ ನನ್ನನ್ನು 'ಸರ್' ಎಂದು ಕರೆದು, ಒಪ್ಪದವರೆಲ್ಲ ಮೂರ್ಖರು ಎಂದ. ಆಫೀಸಿನಲ್ಲಿ ಜವಾನನೂ ನನ್ನನ್ನು ಸರ್ ಎನ್ನುವುದಿಲ್ಲ. ದಿನಾ ಸೈಬರ್‌ಗೆ ಹೋಗತೊಡಗಿದೆ. ಸೋಡಾ ಅಂಗಡಿಯ ಐಸು ಬಿಟ್ಟು ಬೇರೆ ನೋಡದವನು ಧ್ರುವದ ಹಿಮದ ವಕೀಲನಾದೆ. ಅಷ್ಟರಲ್ಲಿ ರುದ್ರಣ್ಣನೂ ಅಲ್ಲಿಗೆ ಬಂದು ತನ್ನ ಗುಮಾನಿ ಬರೆದ. ನನ್ನನ್ನು ಏಜೆಂಟ್ ಎಂದವನ ಕಡೆಯವರು ರುದ್ರಣ್ಣನನ್ನು ಹೆಗಲ ಮೇಲೆ ಹೊತ್ತರು. ತಿಳಿಯದವರು ಗೊಬ್ಬರ ಮಾರಿಕೊಂಡಿರಲಿ ಎಂದು ಬರೆದೆ. ನಮ್ಮವರು ಭೇಷ್ ಎಂದರು.

ವಾರ ಕಳೆಯುವುದರೊಳಗೆ ಹೆಂಡತಿ ಕೇಳಿದಳು: "ಅಕ್ಕ ಫೋನ್ ತೆಗೀತಿಲ್ಲ. ಏನ್ ಬರದ್ರಿ ನೀವು?"

ಭೂಮಿಯ ವಿಷಯ ಎಂದೆ.

"ಭೂಮಿ ಹಂಗಿರ್ಲಿ, ನನಗೆ ತವರು ಅಂತ ಇರೋದು ಅದೊಂದೇ ಮನೆ."

ಭಾನುವಾರ ನನ್ನನ್ನು ಹಿರಿಯೂರಿಗೆ ಎಳೆದುಕೊಂಡು ಹೋದಳು. ಅಕ್ಕತಂಗಿಯರು ಒಳಗೆ ಹೋದರು. ಕರೆಂಟಿರಲಿಲ್ಲ. ಜಗಲಿಯಲ್ಲಿ ನಾವಿಬ್ಬರೂ ಬೆವರುತ್ತ ಕೂತೆವು. ಕಡೆಗೆ ಅವನೇ ಬೀಸಣಿಗೆ ನನ್ನತ್ತ ಸರಿಸಿದ.

"ಮಳೆ ಯಾಕ್ ಬರ್ತಿಲ್ಲ ಅಂತ ಕೇಳ್ದೆ ಕಣಪ್ಪ, ಅಷ್ಟೇ. ಅವ್ರು ನನ್ನ ಆ ಕಡೆಗೆ ಎಳಕಂಡ್ರು. ನೀನೂ ಅತ್ಲಾಗೇ ತಳ್ದೆ."

ಬರೆದದ್ದು ತಪ್ಪು ಎಂದೆ. ಊಟಕ್ಕೆ ಒಟ್ಟಿಗೆ ಕೂತೆವು, ಮಾತೂ ಬಂತು.

ಮರುದಿನ ಆಫೀಸು ಮುಗಿಸಿ ಸೈಬರ್‌ಗೆ ಹೋಗಿ, ರುದ್ರಣ್ಣನ ಪ್ರಶ್ನೆ ನ್ಯಾಯವಾದದ್ದು, ನನ್ನ ಮಾತು ಒರಟಾಯಿತು ಎಂದು ಬರೆದೆ. ಯಾರೂ ಉತ್ತರಿಸಲಿಲ್ಲ. ಜೀವ ತಡೆಯದೆ ಮತ್ತೆ ಮತ್ತೆ ಪುಟ ತೆರೆದು ನೋಡಿದೆ. ಕಡೆಗೆ, ನನ್ನನ್ನು ಸರ್ ಎಂದಿದ್ದವನೇ ಕೇಳಿದ್ದ: ನೀವು ಆ ಕಡೆಯವರಿಗೆ ಎಷ್ಟಕ್ಕೆ ಮಾರಿಕೊಂಡಿರಿ?

ಅವನಿಗೆ ಎರಡೇ ಮಾತಿನಲ್ಲಿ ಬುದ್ಧಿ ಹೇಳಿ ಏಳೋಣವೆಂದು ಕೂತೆ. ಮನೆ ಮುಟ್ಟುವ ಹೊತ್ತಿಗೆ ಅನ್ನ ತಣ್ಣಗಾಗಿತ್ತು, ಹೆಂಡತಿ ಬಿಸಿಯಾಗಿದ್ದಳು.